ಎಐ ಚಿತ್ರಗಳ ಕಾಲದಲ್ಲಿ ಕೈಯಿಂದ ಬಿಡಿಸಿದ ಚಿತ್ರಕ್ಕೆ ಬೆಲೆ ಇದೆಯೇ?

ಖಂಡಿತ ಇದೆ. ಮಲೆನಾಡಿನ ದೀವರ ಸಮುದಾಯದ ಹಸೆ ಚಿತ್ತಾರವನ್ನೇ ನೋಡಿ. ಸಾಗರ, ಸೊರಬದ ಕಡೆ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಬರೆಯುತ್ತಾರೆ. ಕಪ್ಪಿಗೆ ಹುರಿದು ಕರಕಲಾದ ಅಕ್ಕಿ, ಕುಂಚಕ್ಕೆ ಪುಂಡಿ ನಾರು. ನಾರನ್ನು ಬಣ್ಣದಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಗೆರೆ ಎಳೆಯಬೇಕು. ಕೈ ಚೂರು ನಡುಗಿದರೂ ಗೆರೆಯಲ್ಲಿ ಕಾಣುತ್ತದೆ. ನನಗೆ ಅದೇ ಜಾಸ್ತಿ ಇಷ್ಟ.

ಅಂಥದೇ ವಿನ್ಯಾಸವನ್ನು ಎಐ ಕ್ಷಣದಲ್ಲಿ ಕೊಡಬಹುದು. ಯಾವುದೋ ಪೋಸ್ಟರಿಗೆ ಅದು ಸಾಕಾದೀತು. ಆದರೆ ಹಸೆಗೋಡೆ ಸುಮ್ನೆ ಅಲಂಕಾರಕ್ಕೆ ಇರುವುದಲ್ಲ, ಅಲ್ವಾ? ಮದುಮಕ್ಕಳು ಕೂರುವುದು ಅದರ ಮುಂದೆ. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಬುಟ್ಟಿಯ ಮೇಲೂ ಇದೇ ಚಿತ್ತಾರ. ಪಕ್ಕದಲ್ಲಿ ಕೂತ ಹುಡುಗಿ ಅಮ್ಮನ ಕೈ ನೋಡುತ್ತಲೇ ಅದನ್ನು ಕಲಿಯುತ್ತಾಳೆ.