ಮನೆ ಆಮೇಲೆ ಹುಡುಕಿ, ಮೊದಲು ಜನರನ್ನು ನೋಡಿ

ಪ್ರಶ್ನೆ: ನನ್ನ ತವರು ಶಿವಮೊಗ್ಗ. ಹತ್ತು ವರ್ಷದಿಂದ ಅಮೆರಿಕದಲ್ಲಿದ್ದೇನೆ. ಗಂಡ ಅಲ್ಲೇ ಹುಟ್ಟಿ ಬೆಳೆದವರು, ಯಹೂದಿ. ಮಗಳಿಗೆ ಐದು ವರ್ಷ, ಮಗನಿಗೆ ಎರಡು. ಸದ್ಯ ಶಿಕಾಗೊದಲ್ಲಿ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಈಗ ಅವರಿಗೆ ಬಾಸ್ಟನ್ ಪಕ್ಕದ ಕೇಂಬ್ರಿಜ್‌ನಲ್ಲಿ ಕೆಲಸ ಸಿಕ್ಕಿದೆ. ಆಗಸ್ಟ್‌ನಲ್ಲಿ ಹೊರಡಬೇಕು. ಮದುವೆಯಾದಾಗ ಅವರಿಗೆ ಧರ್ಮ, ಆಚರಣೆ ಅಂತ ಏನೂ ಇರಲಿಲ್ಲ. ಮಕ್ಕಳಾದ ಮೇಲೆ ಶುಕ್ರವಾರ ಸಂಜೆ ದೀಪ ಹಚ್ಚೋಣ ಅನ್ನುತ್ತಾರೆ, ಮಕ್ಕಳು ಯಹೂದಿಗಳ ನಡುವೆ ಬೆಳೆಯಲಿ ಅನ್ನುತ್ತಾರೆ. ಯಹೂದಿಗಳು ಜಾಸ್ತಿ ಇರುವ ಸಬರ್ಬ್‌ನಲ್ಲೇ ಮನೆ ಕೊಳ್ಳಬೇಕಂತೆ. ಅತ್ತೆಯವರು ನ್ಯೂಟನ್ ಇಲ್ಲವೇ ಶ್ಯಾರನ್ ಎಂದು ಹೇಳಿಬಿಟ್ಟಿದ್ದಾರೆ. ಜೊತೆಗೆ "ನೀನೂ ನಮ್ಮ ಧರ್ಮಕ್ಕೆ ಬಂದುಬಿಟ್ಟರೆ ಮಕ್ಕಳಿಗೆ ಸುಲಭ" ಎಂದು ಆಗಾಗ ಮಾತು ತೆಗೆಯುತ್ತಾರೆ. ನನಗೆ ಆ ಮನಸ್ಸಿಲ್ಲ. ನನ್ನ ಮಕ್ಕಳನ್ನು ಅಲ್ಲಿನವರು ತಮ್ಮವರು ಅಂತ ಒಪ್ಪುತ್ತಾರಾ? ಅಮ್ಮ ಕೊಟ್ಟ ಪಟ್ಟದ ಗೊಂಬೆಗಳನ್ನು ಹೊಸ ಮನೆಯಲ್ಲಿ ಕೂರಿಸಬಹುದಾ? ಅಲ್ಲಿ ನಾನು ಯಾರು?
– ಹೆಸರು ಬೇಡ, ಶಿಕಾಗೊ

ಉತ್ತರ: ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಯಾವ ಊರು, ಯಾವ ಮನೆ ಅನ್ನುವುದಕ್ಕೆ ಉತ್ತರ ಅದರೊಳಗೇ ಇದೆ.

ಒಂದು ಕಹಿ ವಿಷಯವನ್ನು ಮೊದಲೇ ಹೇಳಿಬಿಡಬೇಕು. ಯಹೂದಿಗಳ ಸಾಂಪ್ರದಾಯಿಕ ನಿಯಮದಲ್ಲಿ ಮಗು ತಾಯಿಯ ಕಡೆಗೆ ಸೇರುತ್ತದೆ. ತಾಯಿ ಯಹೂದಿಯಾದರೆ ಮಗುವೂ ಯಹೂದಿ. ತಂದೆ ಮಾತ್ರ ಯಹೂದಿಯಾಗಿದ್ದರೆ ಅಲ್ಲ. ಕಟ್ಟುನಿಟ್ಟಿನ ಆರ್ಥೊಡಾಕ್ಸ್ ಮತ್ತು ನಡುದಾರಿಯ ಕನ್ಸರ್ವೇಟಿವ್ ಪಂಥಗಳು ಇವತ್ತಿಗೂ ಇದನ್ನೇ ಪಾಲಿಸುತ್ತವೆ. ಅಮೆರಿಕದ ರಿಫಾರ್ಮ್ ಅನ್ನುವ ಉದಾರ ಪಂಥದ ರಬ್ಬಿಗಳು, ಅಂದರೆ ಧರ್ಮಗುರುಗಳು, 1983ರಲ್ಲಿ ಬೇರೆ ತೀರ್ಮಾನಕ್ಕೆ ಬಂದರು. ತಂದೆ ತಾಯಿಯಲ್ಲಿ ಒಬ್ಬರು ಯಹೂದಿಯಾಗಿದ್ದರೂ ಸಾಕು, ಆದರೆ ಮಗುವನ್ನು ಯಹೂದಿಯಾಗಿಯೇ ಬೆಳೆಸಬೇಕು, ಅದು ನಾಲ್ಕು ಜನರಿಗೆ ಕಾಣುವಂತೆ ಇರಬೇಕು ಎಂದರು. ರಿಕನ್‌ಸ್ಟ್ರಕ್ಷನಿಸ್ಟ್ ಅನ್ನುವ ಚಿಕ್ಕ ಪಂಥ 1968ರಲ್ಲೇ ಇದನ್ನು ಒಪ್ಪಿತ್ತು.

ಅಂದರೆ ನಿಮ್ಮ ಮಗಳು ಒಂದು ಬೀದಿಯ ಸಿನಗಾಗ್‌ನಲ್ಲಿ (ಯಹೂದಿ ಪ್ರಾರ್ಥನಾ ಮಂದಿರದಲ್ಲಿ) ಯಹೂದಿ, ಪಕ್ಕದ ಬೀದಿಯದರಲ್ಲಿ ಅಲ್ಲ. ಎರಡೂ ಒಂದೇ ಊರಿನಲ್ಲಿ ಇರಬಹುದು. ಹಾಗಾಗಿ "ಯಹೂದಿಗಳು ಜಾಸ್ತಿ ಇರುವ ಊರು" ಅನ್ನುವುದು ನಿಮ್ಮ ಮಟ್ಟಿಗೆ ಅರ್ಧ ವಿಳಾಸ ಮಾತ್ರ. ನಿಮ್ಮಂಥ ಕುಟುಂಬಗಳು ಇರುವ ಸಿನಗಾಗ್ ಯಾವುದು ಅನ್ನುವುದು ಉಳಿದರ್ಧ. ಅದನ್ನು ಮೊದಲು ಹುಡುಕಿ. ಮನೆ ಅದರ ಹಿಂದೆ ಬರಲಿ.

ನಿಮ್ಮಂಥವರು ಕಡಿಮೆ ಏನಿಲ್ಲ. ಪ್ಯೂ ಸಂಶೋಧನಾ ಕೇಂದ್ರದ 2020ರ ಸಮೀಕ್ಷೆ ಪ್ರಕಾರ, 2010ರ ನಂತರ ಮದುವೆಯಾದ ಅಮೆರಿಕದ ಯಹೂದಿಗಳಲ್ಲಿ ನೂರಕ್ಕೆ 61 ಮಂದಿ ಬೇರೆ ಧರ್ಮದವರನ್ನು ಇಲ್ಲವೇ ಧರ್ಮವೇ ಇಲ್ಲದವರನ್ನು ಮದುವೆಯಾಗಿದ್ದಾರೆ. ರಿಫಾರ್ಮ್ ಸಿನಗಾಗ್‌ನ ಮಕ್ಕಳ ತರಗತಿಗೆ ಹೋದರೆ ಅಂಥ ಮನೆಗಳ ಮಕ್ಕಳು ಸಿಕ್ಕೇ ಸಿಗುತ್ತಾರೆ.

ರಬ್ಬಿಗೆ ಫೋನ್ ಮಾಡಿ ಸುತ್ತಿಬಳಸದೆ ಒಂದೇ ಪ್ರಶ್ನೆ ಕೇಳಿ: "ನಾನು ಯಹೂದಿ ಅಲ್ಲ, ಆಗುವ ಯೋಚನೆಯೂ ಇಲ್ಲ. ಇನ್ನು ಏಳೆಂಟು ವರ್ಷಕ್ಕೆ ನನ್ನ ಮಗಳ ಬಾತ್ ಮಿಟ್ಸ್ವಾ ಆಗುವಾಗ ನಾನು ಎಲ್ಲಿ ನಿಂತಿರುತ್ತೇನೆ?" ಬಾತ್ ಮಿಟ್ಸ್ವಾ ಅಂದರೆ ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಹುಡುಗಿ ಎಲ್ಲರ ಮುಂದೆ ತೋರಾ ಅನ್ನುವ ಧರ್ಮಗ್ರಂಥ ಓದುವ ದಿನ. ಕೆಲವು ಕಡೆ ತಾಯಿ ವೇದಿಕೆ ಹತ್ತಿ ಮಗಳ ಪಕ್ಕ ನಿಂತು ನಾಲ್ಕು ಮಾತು ಹೇಳುತ್ತಾಳೆ. ಕೆಲವು ಕಡೆ ಕೆಳಗೆ ಮೊದಲ ಸಾಲಿನಲ್ಲಿ ಕೂತಿರುತ್ತಾಳೆ. ಕೆಲವು ಕಡೆ, "ಅದಕ್ಕೆ ಮುಂಚೆ ಮಗುವಿನ ಮತಾಂತರ ಆಗಬೇಕು" ಅನ್ನುತ್ತಾರೆ. ಮೂರೂ ಪ್ರಾಮಾಣಿಕ ಉತ್ತರಗಳೇ. ಉತ್ತರ ಕೇಳಿಸಿಕೊಂಡಾಗ ನಿಮ್ಮ ಮನಸ್ಸಿಗೆ ಏನಾಯಿತು ಅನ್ನುವುದನ್ನು ಅವತ್ತೇ ಗಂಡನ ಹತ್ತಿರ ಹೇಳಿ.

ಮಗುವಿನ ಮತಾಂತರ ಅಂದಾಗ ಗಾಬರಿ ಬೇಡ. ಕನ್ಸರ್ವೇಟಿವ್ ಪಂಥದಲ್ಲಿ ಚಿಕ್ಕ ಮಕ್ಕಳನ್ನು ಮಿಕ್ವಾ ಅನ್ನುವ ಕೊಳದಲ್ಲಿ ಮೂವರ ಸಮ್ಮುಖದಲ್ಲಿ ಮುಳುಗಿಸಿ ತಮ್ಮೊಳಗೆ ಸೇರಿಸಿಕೊಳ್ಳುವುದು ರೂಢಿ. ಗಂಡುಮಗುವಿಗೆ ಸುನ್ನತಿಯೂ ಆಗಿರಬೇಕು. ನ್ಯೂಟನ್‌ನಲ್ಲೇ 2004ರಿಂದ ಎಲ್ಲ ಪಂಥದವರಿಗೂ ತೆರೆದ ಮಿಕ್ವಾ ಇದೆ, ಮಾಯಿಮ್ ಹಾಯಿಮ್ ಅಂತ. ನಿಮ್ಮ ಗಂಡ ಕನ್ಸರ್ವೇಟಿವ್ ಮನೆಯಲ್ಲಿ ಬೆಳೆದವರಾದರೆ ಅವರಿಗೆ ಆ ಪ್ರಾರ್ಥನೆಯ ರಾಗವೇ ಹತ್ತಿರ ಅನ್ನಿಸಬಹುದು. ಆಗ ಈ ದಾರಿಯೂ ಇದೆ ಅಂತ ಗೊತ್ತಿರಲಿ. ಆದರೆ ಅದು ನೀವಿಬ್ಬರೂ ಕೂತು ಮಾಡುವ ತೀರ್ಮಾನ. ಊರು ಬದಲಾಯಿಸುವ ಗಡಿಬಿಡಿಯಲ್ಲಿ ಆಗುವಂಥದ್ದಲ್ಲ.

ಇನ್ನೊಂದು ಮಾತು, ಮುಂದೆ ನೋವಾಗಬಾರದು ಅಂತ ಹೇಳುತ್ತಿದ್ದೇನೆ. ಹೊಸ ಊರಿಗೆ ಹೋದ ವಾರದಲ್ಲೇ, ಯಹೂದಿಗಳನ್ನು ಆಚರಣೆಗೆ ಕರೆತರುವ ಖಬಾದ್ ಸಂಘಟನೆಯವರು ಪರಿಚಯವಾಗುತ್ತಾರೆ. ತುಂಬ ಪ್ರೀತಿಯ ಜನ. ಶುಕ್ರವಾರ ಊಟಕ್ಕೆ ಕರೆಯುತ್ತಾರೆ, ಮಕ್ಕಳನ್ನು ಎತ್ತಿ ಮುದ್ದಾಡುತ್ತಾರೆ, ಸದಸ್ಯತ್ವದ ಹಣ ಕೇಳುವುದಿಲ್ಲ. ಆದರೆ ಅವರು ಆರ್ಥೊಡಾಕ್ಸ್ ನಿಯಮದವರು. ನಿಮ್ಮ ಮಕ್ಕಳು ಅವರ ಲೆಕ್ಕದಲ್ಲಿ ಯಹೂದಿಗಳಲ್ಲ. ಊಟಕ್ಕೆ ಖಂಡಿತ ಹೋಗಿ. ಮಗಳ ಗೆಳೆತನ, ಶಾಲೆ ಎಲ್ಲ ಅಲ್ಲೇ ಬೇರು ಬಿಟ್ಟ ಮೇಲೆ ಈ ವಿಷಯ ಗೊತ್ತಾದರೆ ಅವಳಿಗೆ ಸಂಕಟ, ಅದಕ್ಕೇ ಹೇಳಿದೆ.

ಈಗ ಊರುಗಳ ವಿಷಯ. ಹಿಂದೆ ಬಾಸ್ಟನ್ ಯಹೂದಿಗಳು ಡಾರ್ಚೆಸ್ಟರ್, ರಾಕ್ಸ್‌ಬರಿ, ಮ್ಯಾಟಪ್ಯಾನ್ ಕಡೆ ಒತ್ತೊತ್ತಾಗಿ ಇದ್ದರು. ಎರಡನೇ ಮಹಾಯುದ್ಧದ ನಂತರ ಒಂದು ಪಾಲು ಪಶ್ಚಿಮಕ್ಕೆ ಬ್ರೂಕ್‌ಲೈನ್, ನ್ಯೂಟನ್ ಕಡೆಗೂ ಇನ್ನೊಂದು ಪಾಲು ದಕ್ಷಿಣಕ್ಕೆ ಶ್ಯಾರನ್ ಕಡೆಗೂ ಸರಿಯಿತು. ಅತ್ತೆಯವರು ಹೇಳುವ ಊರುಗಳು ಅವರ ತಲೆಮಾರಿನ ನೆನಪಿನಿಂದ ಬಂದವು, ತಪ್ಪೇನಲ್ಲ. ನ್ಯೂಟನ್‌ನಲ್ಲಿ ಎಲ್ಲ ಪಂಥದ ಸಿನಗಾಗ್‌ಗಳೂ ಇವೆ, ಯಹೂದಿ ಸಮುದಾಯ ಭವನವಿದೆ. ಗ್ರೀನ್ ಲೈನ್ ರೈಲು ಹತ್ತಿ, ನಡುವೆ ರೆಡ್ ಲೈನಿಗೆ ಬದಲಾಯಿಸಿದರೆ ಕೇಂಬ್ರಿಜ್. ಆದರೆ ಮನೆ ಬೆಲೆ ಮಿಲಿಯನ್ ಡಾಲರ್ ದಾಟುವುದು ಅಲ್ಲಿ ಮಾಮೂಲು. ಶ್ಯಾರನ್ ಚಿಕ್ಕ ಊರು. ದೊಡ್ಡ ಕೆರೆ ಇದೆ, ಭಾರತೀಯ ಕುಟುಂಬಗಳೂ ಸಾಕಷ್ಟಿವೆ. ಆದರೆ ಸೌತ್ ಸ್ಟೇಷನ್‌ವರೆಗೆ ಒಂದು ರೈಲು, ಅಲ್ಲಿಂದ ಇನ್ನೊಂದು.

ಈ ಓಡಾಟವನ್ನು ಸಣ್ಣದು ಅಂದುಕೊಳ್ಳಬೇಡಿ. ನಿಮ್ಮ ಗಂಡನ ಆಸೆಯೆಲ್ಲ ಶುಕ್ರವಾರ ಸಂಜೆಯ ಮೇಲಿದೆ, ಯಹೂದಿಗಳ ವಾರದ ವಿಶ್ರಾಂತಿ ದಿನ ಶಬ್ಬಾತ್ ಶುರುವಾಗುವುದು ಆಗಲೇ. ಡಿಸೆಂಬರಿನಲ್ಲಿ ಬಾಸ್ಟನ್‌ನಲ್ಲಿ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಸಂಪ್ರದಾಯದಂತೆ ದೀಪ ಹಚ್ಚುವುದು ಅದಕ್ಕೂ 18 ನಿಮಿಷ ಮುಂಚೆ. ಎಷ್ಟೋ ರಿಫಾರ್ಮ್ ಮನೆಗಳಲ್ಲಿ ಎಲ್ಲರೂ ಮನೆ ಸೇರಿದ ಮೇಲೆ ಊಟದ ಹೊತ್ತಿಗೆ ಹಚ್ಚುತ್ತಾರೆ, ಪರವಾಗಿಲ್ಲ. ಆದರೂ ಆರೂವರೆಗೆ ಅವರು ಇನ್ನೂ ರೈಲಿನಲ್ಲಿದ್ದರೆ ಹಸಿದ ಎರಡು ಮಕ್ಕಳನ್ನು ಕೂರಿಸಿಕೊಂಡು, ನಿಮ್ಮದಲ್ಲದ ಪ್ರಾರ್ಥನೆಗೆ ದೀಪ ಹಚ್ಚುವವರು ನೀವೇ ಆಗುತ್ತೀರಿ. ವಾರವಾರವೂ ಹೀಗಾದರೆ ಯಾರಿಗಾದರೂ ಬೇಸರ ಬರುತ್ತದೆ. ಹಾಗಾಗಿ ಅವರ ಕೆಲಸದ ಜಾಗದಿಂದ ಮನೆಗೆ, ಮನೆಯಿಂದ ಸಿನಗಾಗ್‌ಗೆ ಎಷ್ಟು ಹೊತ್ತು ಅನ್ನುವುದನ್ನು ಶುಕ್ರವಾರ ಸಂಜೆಯ ಟ್ರಾಫಿಕ್ಕಿನಲ್ಲೇ ಅಳೆಯಿರಿ.

ನನ್ನ ಮಟ್ಟಿಗೆ ನೀವು ಇನ್ನೊಂದು ಕಡೆಯನ್ನೂ ನೋಡಬೇಕು. ನ್ಯೂಟನ್‌ನಿಂದ ಇನ್ನೂ ಪಶ್ಚಿಮಕ್ಕೆ ನೇಟಿಕ್, ಫ್ರೇಮಿಂಗ್‌ಹ್ಯಾಮ್, ವೇಲ್ಯಾಂಡ್ ಊರುಗಳಿವೆ. ಅಲ್ಲೂ ರಿಫಾರ್ಮ್ ಮತ್ತು ಕನ್ಸರ್ವೇಟಿವ್ ಸಿನಗಾಗ್‌ಗಳಿವೆ. ಪಕ್ಕದ ಆ್ಯಶ್‌ಲ್ಯಾಂಡ್‌ನಲ್ಲಿ ಶ್ರೀ ಲಕ್ಷ್ಮಿ ದೇವಸ್ಥಾನವಿದೆ. ಕನ್ನಡ ಮಾತಾಡುವವರು ಆ ಭಾಗದಲ್ಲಿ ಬೇಕಾದಷ್ಟು. ಓಡಾಟ ಜಾಸ್ತಿ, ನಿಜ. ಆದರೆ ಈ ಲೆಕ್ಕಾಚಾರದಲ್ಲಿ ನಿಮ್ಮ ಮನಸ್ಸಿಗೂ ಒಂದು ಜಾಗ ಬೇಕಲ್ವಾ? ಪತ್ರದಲ್ಲಿ ನಿಮಗೇನು ಬೇಕು ಅಂತ ಒಂದು ಸಾಲೂ ಇಲ್ಲ.

ಮನೆ ನೋಡಲು ಬಾಸ್ಟನ್‌ಗೆ ಹೋಗುವಾಗ ಶನಿವಾರ, ಭಾನುವಾರ ಮಾತ್ರ ಹೋಗಬೇಡಿ. ಶುಕ್ರವಾರ ಸಂಜೆಗೇ ತಲುಪಿ, ಮಕ್ಕಳ ಶಬ್ಬಾತ್ ಇರುವ ಸಿನಗಾಗ್‌ಗೆ ನಾಲ್ವರೂ ಹೋಗಿ. ಮೇ ತಿಂಗಳೊಳಗೆ ಹೋದರೆ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಅರ್ಧ ಜನ ರಜೆಯಲ್ಲಿರುತ್ತಾರೆ, ಊರಿನ ನಿಜವಾದ ಮುಖ ಕಾಣುವುದಿಲ್ಲ. ಹೋಗುವ ಮೊದಲು ಇಮೇಲ್ ಮಾಡಿ ಹೆಸರು ಕೊಡಿ. 2018ರಲ್ಲಿ ಪಿಟ್ಸ್‌ಬರ್ಗ್‌ನ ಸಿನಗಾಗ್‌ನಲ್ಲಿ 11 ಜನರನ್ನು ಗುಂಡಿಟ್ಟು ಕೊಂದ ಮೇಲೆ ಬಹಳ ಕಡೆ ಬಾಗಿಲಲ್ಲಿ ಕಾವಲು ಇರುತ್ತದೆ. ಹೊಸ ಮುಖವನ್ನು, ಅದರಲ್ಲೂ ನಮ್ಮಂಥ ಕಂದು ಮುಖವನ್ನು, ಎರಡು ಪ್ರಶ್ನೆ ಜಾಸ್ತಿ ಕೇಳಬಹುದು. ಹೆಸರು ಪಟ್ಟಿಯಲ್ಲಿದ್ದರೆ ಮಕ್ಕಳ ಎದುರಿಗೆ ಆ ಮುಜುಗರ ತಪ್ಪುತ್ತದೆ.

ಒಳಗೆ ಹೋದ ಮೇಲೆ ಕಟ್ಟಡ ನೋಡಬೇಡಿ, ನೆಲ ನೋಡಿ. ಮಕ್ಕಳು ನೆಲದ ಮೇಲೆ ಕೂತು ಹಾಡುತ್ತಿರುತ್ತಾರೆ. ಒಬ್ಬರು ಗಿಟಾರ್ ನುಡಿಸುತ್ತಿರುತ್ತಾರೆ. ಆಮೇಲೆ ಬೆರಳುದ್ದದ ಪ್ಲಾಸ್ಟಿಕ್ ಲೋಟಗಳಲ್ಲಿ ದ್ರಾಕ್ಷಿ ರಸ ಹಂಚುತ್ತಾರೆ. ಜಡೆಯಂತೆ ಹೆಣೆದ ಹಾಲಾ ಬ್ರೆಡ್ ಮೇಲಿನ ಬಟ್ಟೆ ಸರಿಸಿ, ಕೈಯಲ್ಲೇ ಮುರಿದು ಕೊಡುತ್ತಾರೆ. ನಿಮ್ಮ ಎರಡು ವರ್ಷದ ಮಗ ರಸ ಚೆಲ್ಲೇ ಚೆಲ್ಲುತ್ತಾನೆ. ಆಗ ಪಕ್ಕದವರು ಟಿಶ್ಯೂ ಹಿಡಿದು ಬಗ್ಗುತ್ತಾರಾ, ಇಲ್ಲ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾರಾ ನೋಡಿ. ಯಾರಾದರೂ ನಿಮ್ಮ ಹೆಸರು ಕೇಳಿ, ಸರಿಯಾಗಿ ಹೇಳುವವರೆಗೂ ಪ್ರಯತ್ನ ಬಿಡದಿದ್ದರೆ ಆ ಜಾಗವನ್ನು ಪಟ್ಟಿಯ ಮೇಲಕ್ಕೆ ಹಾಕಿ. ಎಲ್ಲರೂ ಗಂಡನ ಜೊತೆಗೇ ಮಾತಾಡಿ, ನಿಮ್ಮನ್ನು ನೋಡಿ ಸುಮ್ನೆ ನಕ್ಕು ಮುಂದೆ ಹೋದರೆ ಅದನ್ನೂ ಗಂಡನಿಗೆ ಹೇಳಿ. ಅವರ ಕಣ್ಣಿಗೆ ಅದು ಬಿದ್ದಿರುವುದಿಲ್ಲ.

ಹಣದ ವಿಷಯ. ಅಲ್ಲಿ ಹುಂಡಿ ಪದ್ಧತಿ ಇಲ್ಲ, ವರ್ಷದ ಸದಸ್ಯತ್ವ ಶುಲ್ಕ. ಚಿಕ್ಕ ಮಕ್ಕಳ ಕುಟುಂಬಕ್ಕೆ ಹಲವು ಕಡೆ ರಿಯಾಯಿತಿ ಇರುತ್ತದೆ, ಸಂಕೋಚ ಬಿಟ್ಟು ಕೇಳಿ.

ಈಗ ಗೊಂಬೆಗಳ ಪ್ರಶ್ನೆಗೆ ಬರುತ್ತೇನೆ. ಯಹೂದಿ ಧರ್ಮದಲ್ಲಿ ವಿಗ್ರಹಾರಾಧನೆಗೆ ಕಟ್ಟುನಿಟ್ಟಾದ ನಿಷೇಧ ಇದೆ. ಅದು ಅಂಚಿನ ನಿಯಮವಲ್ಲ, ಹತ್ತು ಆಜ್ಞೆಗಳಲ್ಲೇ ಇರುವಂಥದ್ದು. ರಿಫಾರ್ಮ್ ಸಿನಗಾಗ್‌ನವರು ಯಾರೂ ನಿಮ್ಮ ಮನೆಗೆ ಬಂದು ದೇವರ ಕೋಣೆ ತಪಾಸಣೆ ಮಾಡುವುದಿಲ್ಲ. ಆದರೆ ಮಗುವನ್ನು ಹೀಬ್ರೂ ಶಾಲೆಗೆ, ಅಂದರೆ ಸಿನಗಾಗ್‌ನ ಧರ್ಮಪಾಠದ ತರಗತಿಗೆ, ಸೇರಿಸುವಾಗ, ಬೇರೆ ಧರ್ಮದ ತರಗತಿಗೂ ಕಳಿಸುತ್ತೀರಾ ಎಂದು ಹಲವು ಕಡೆ ಕೇಳುತ್ತಾರೆ. ಎರಡೂ ಕಡೆ ಓದುವ ಮಕ್ಕಳನ್ನು ಸೇರಿಸಿಕೊಳ್ಳಬಾರದು ಎಂದು ರಿಫಾರ್ಮ್ ಸಿನಗಾಗ್‌ಗಳ ಒಕ್ಕೂಟ 1995ರಲ್ಲಿ ಸಲಹೆ ಕೊಟ್ಟಿತ್ತು. ಅಂದರೆ ಹಿಂದೂ ಧರ್ಮಪಾಠದ ಬಾಲವಿಹಾರ ಮತ್ತು ಹೀಬ್ರೂ ಶಾಲೆ ಒಟ್ಟಿಗೆ ನಡೆಯುವುದು ಕಷ್ಟ. ಸಾಮಾನ್ಯವಾಗಿ ಎರಡೂ ಭಾನುವಾರ ಬೆಳಿಗ್ಗೆಯೇ ಇರುತ್ತವೆ ಕೂಡ. ಕನ್ನಡ ತರಗತಿಗೆ ಈ ತೊಡಕಿಲ್ಲ, ಅದು ಭಾಷೆ. ಕನ್ನಡವನ್ನು ಯಾರ ಸಲುವಾಗಿಯೂ ಬಿಟ್ಟುಕೊಡಬೇಡಿ. ಶಿವಮೊಗ್ಗದ ಅಜ್ಜಿ ಜೊತೆ ಮೊಮ್ಮಕ್ಕಳು ಮಾತಾಡಬೇಕಾದ ಭಾಷೆ ಅದು.

ಗೊಂಬೆ ಕೂರಿಸುವುದು ಪೂಜೆಯಾ, ಮನೆಯ ಸಂಭ್ರಮವಾ ಅನ್ನುವುದನ್ನು ನೀವಿಬ್ಬರೂ ಮಾತಾಡಿಕೊಂಡು ಮಕ್ಕಳಿಗೆ ಒಂದೇ ಮಾತು ಹೇಳಿ. "ಇದು ಅಮ್ಮನ ಮನೆಯ ಹಬ್ಬ, ಅಮ್ಮ ಹೀಗೆ ಬೆಳೆದಳು" ಎಂದರೆ ಐದು ವರ್ಷದ ಮಗುವಿಗೆ ಅರ್ಥವಾಗುತ್ತದೆ. ಯಹೂದಿ ಪಂಚಾಂಗವೂ ನಮ್ಮ ಹಾಗೆ ಚಂದ್ರನನ್ನು ಹಿಡಿದು, ಅಧಿಕ ಮಾಸ ಸೇರಿಸಿಕೊಂಡು ನಡೆಯುತ್ತದೆ. ಅವರ ಹೊಸ ವರ್ಷ ರೋಶ್ ಹಶಾನಾ ಮತ್ತು ನಮ್ಮ ನವರಾತ್ರಿ ಎಷ್ಟೋ ಸಲ ಒಂದೇ ಅಮಾವಾಸ್ಯೆಯ ಬೆನ್ನಿಗೆ ಬರುತ್ತವೆ. 2025ರಲ್ಲಿ ಎರಡೂ ಸೆಪ್ಟೆಂಬರ್ 22ಕ್ಕೆ ಶುರುವಾದವು. ಅವರ ಹೊಸ ವರ್ಷದ ಜೇನು ಹಚ್ಚಿದ ಸೇಬಿನ ತಟ್ಟೆಯೂ ಗೊಂಬೆ ಮೆಟ್ಟಿಲೂ ಒಂದೇ ಮನೆಯಲ್ಲಿ ಇರಬಹುದು. ಆದರೆ ಕೆಲಸದ ಹೊರೆಯೂ ಒಂದೇ ವಾರಕ್ಕೆ ಬೀಳುತ್ತದೆ. ಅದನ್ನು ಗಂಡನೂ ಹೊರಬೇಕು.

ಅತ್ತೆಯವರ ಮಾತಿಗೆ ಉತ್ತರ ಕೊಡಬೇಕಾದವರು ನೀವಲ್ಲ, ಅವರ ಮಗ. "ಅಮ್ಮ, ಈ ವಿಷಯ ಅವಳ ಹತ್ತಿರ ಎತ್ತಬೇಡಿ, ಮಕ್ಕಳ ವಿಷಯ ನಾವು ನೋಡಿಕೊಳ್ಳುತ್ತೇವೆ" ಎಂದು ಒಮ್ಮೆ ಸ್ಪಷ್ಟವಾಗಿ ಹೇಳಲಿ. ಮತಾಂತರ ಅಂದರೆ ವರ್ಷದಷ್ಟು ಓದು, ಆಮೇಲೆ ರಬ್ಬಿಗಳ ಮುಂದೆ ಮನಸ್ಸಿನಿಂದ ಕೊಡುವ ಮಾತು. ಮಕ್ಕಳಿಗೆ ಸುಲಭವಾಗಲಿ ಅಂತ ಮಾಡುವಂಥದ್ದಲ್ಲ ಅದು. ಒಳ್ಳೆಯ ರಬ್ಬಿಯೂ ನಿಮಗೆ ಇದನ್ನೇ ಹೇಳುತ್ತಾರೆ.

ಈ ವಾರವೇ ಮೂರು ಕೆಲಸ ಶುರು ಮಾಡಿ. 18ಡೋರ್ಸ್ ಅಂತ ಮಿಶ್ರ ಮದುವೆಯ ಕುಟುಂಬಗಳಿಗಾಗಿಯೇ ಇರುವ ಸಂಸ್ಥೆ ಇದೆ, ಬಾಸ್ಟನ್ ಕಡೆಯೇ ಹುಟ್ಟಿದ್ದು. ಅವರಿಗೆ ಬರೆದು ನಿಮ್ಮಂಥವರನ್ನು ಸೇರಿಸಿಕೊಳ್ಳುವ ಸಿನಗಾಗ್‌ಗಳ ಹೆಸರು ಕೇಳಿ. ಸಿನಗಾಗ್ ನಡೆಸುವ ಪ್ರಿಸ್ಕೂಲ್‌ಗಳಲ್ಲಿ ಸೆಪ್ಟೆಂಬರಿನ ಸೀಟು ವಸಂತದಲ್ಲೇ ಮುಗಿಯುತ್ತವೆ, ಮಗನ ಹೆಸರನ್ನು ಈಗಲೇ ಕಾಯುವ ಪಟ್ಟಿಗೆ ಹಾಕಿಸಿ. ತಾಯಂದಿರ ಗೆಳೆತನ ಆಗುವುದು ಪ್ರಾರ್ಥನೆಗಿಂತ ಪ್ರಿಸ್ಕೂಲ್ ಬಾಗಿಲಲ್ಲೇ ಜಾಸ್ತಿ. ಮತ್ತೆ ಮನೆ ಕೊಳ್ಳುವ ಮಾತನ್ನು ಮುಂದಿನ ವರ್ಷಕ್ಕೆ ಹಾಕಿ, ಸದ್ಯಕ್ಕೆ ಒಂದು ವರ್ಷದ ಬಾಡಿಗೆ ಕರಾರಿಗೆ ಮಾತ್ರ ಸಹಿ ಮಾಡಿ. ಒಂದು ರೋಶ್ ಹಶಾನಾ, ಒಂದು ದಸರಾ, ಒಂದು ಚಳಿಗಾಲ ಕಳೆಯಲಿ. ಎಲ್ಲಿ ನೆಲೆ ನಿಲ್ಲಬೇಕು ಅನ್ನುವುದನ್ನು ಆಮೇಲೆ ಇಬ್ಬರೂ ಸೇರಿ ತೀರ್ಮಾನಿಸಿ.