ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತಾ?

ಪ್ರಶ್ನೆ: ಡಾಕ್ಟ್ರೇ, ನನಗೆ 46 ವರ್ಷ. ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಕೆಲಸ. ಆರು ವರ್ಷದಿಂದ ಶುಗರ್ ಇದೆ. ಹಲ್ಲುಜ್ಜುವಾಗ ರಕ್ತ ಬರುತ್ತೆ, ಬಾಯಿ ವಾಸನೆ ಅಂತ ಮನೆಯಲ್ಲಿ ಹೇಳ್ತಾರೆ, ಆದರೆ ನೋವಿಲ್ಲ. ಇಲ್ಲಿನ ಹಲ್ಲಿನ ಡಾಕ್ಟ್ರು ಡೀಪ್ ಕ್ಲೀನಿಂಗ್ ಮಾಡಿಸಬೇಕು, ನಾಲ್ಕು ಸಲ ಬರಬೇಕು ಅಂದರು. ನಮ್ಮಮ್ಮ ಬೇಡವೇ ಬೇಡ ಅಂತಾರೆ. ಅವರು ಹಿಂದೆ ಕ್ಲೀನಿಂಗ್ ಮಾಡಿಸಿದ ಮೇಲೆ ಮುಂದಿನ ಎರಡು ಹಲ್ಲು ಅಲ್ಲಾಡಿ ಬಿದ್ದವಂತೆ. ಏನು ಮಾಡಲಿ?

ಉತ್ತರ: ಮಾಡಿಸಿ. ತಡ ಮಾಡಬೇಡಿ.

ನಿಮ್ಮಮ್ಮ ಸುಳ್ಳು ಹೇಳ್ತಿಲ್ಲ. ಈ ಮಾತು ವಾರಕ್ಕೆ ಒಬ್ಬರಾದರೂ ನನ್ನ ಮುಂದೆ ಹೇಳುತ್ತಾರೆ, ಅವರ ಹಲ್ಲು ಅಲ್ಲಾಡಿದ್ದೂ ನಿಜವೇ ಇರುತ್ತೆ. ನಡೆದದ್ದು ಇಷ್ಟು. ಹಲ್ಲಿನ ಮೇಲೆ ಕೂತ ಪಾಚಿಯನ್ನು ದಿನಾ ತೆಗೆಯದೆ ಬಿಟ್ಟರೆ ಅದು ಜೊಲ್ಲಿನಲ್ಲಿರುವ ಸುಣ್ಣದ ಅಂಶ ಹೀರಿಕೊಂಡು ಗಾರೆ ಹಾಗೆ ಗಟ್ಟಿಯಾಗುತ್ತೆ. ಆ ಗಾರೆಯ ಮೇಲೆ ಮತ್ತೆ ಪಾಚಿ, ಅದರಲ್ಲಿ ಕೀಟಾಣು. ವಸಡು ಊದಿಕೊಳ್ಳುತ್ತೆ, ಒಳಗೆ ಬೇರನ್ನು ಹಿಡಿದ ಮೂಳೆ ವರ್ಷಗಟ್ಟಲೆ ಮೆಲ್ಲಗೆ ಕರಗುತ್ತೆ. ಮೂಳೆ ಹೋದ ಹಲ್ಲನ್ನು ಕೊನೆಗೆ ಆ ಗಾರೆಯೇ ಪಕ್ಕದ ಹಲ್ಲಿಗೆ ಅಂಟಿಸಿ ನಿಲ್ಲಿಸಿರುತ್ತೆ. ಅದನ್ನು ತೆಗೆದ ದಿನ ಅಲ್ಲಾಟ ಗೊತ್ತಾಗುತ್ತೆ, ತಪ್ಪು ಕ್ಲೀನಿಂಗ್ ಮೇಲೆ ಬೀಳುತ್ತೆ. ಅಮ್ಮನಿಗೆ ಆ ಕ್ಲೀನಿಂಗ್ ಹತ್ತು ವರ್ಷ ಮೊದಲೇ ಆಗಿದ್ದರೆ ಆ ಎರಡು ಹಲ್ಲು ಬಹುಶಃ ಇನ್ನೂ ಇರುತ್ತಿದ್ದವು. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಮಾಮೂಲಿ ಕ್ಲೀನಿಂಗ್‌ಗೂ ಇದಕ್ಕೂ ವ್ಯತ್ಯಾಸ ಏನು ಅಂದರೆ, ಹಲ್ಲಿಗೂ ವಸಡಿಗೂ ನಡುವೆ ಎಲ್ಲರಿಗೂ ಸಣ್ಣ ಸಂದು ಇರುತ್ತೆ. ಗೆರೆ ಗುರುತಿರುವ ತೆಳ್ಳನೆ ಕಡ್ಡಿಯನ್ನು ಅದರೊಳಗೆ ಇಳಿಸಿ ಅಳೆಯುತ್ತೇವೆ. 1ರಿಂದ 3 ಮಿಲಿಮೀಟರ್ ಇದ್ದರೆ ಸರಿ. 4 ದಾಟಿ, ರಕ್ತವೂ ಬಂದು, ಎಕ್ಸ್‌ರೇಯಲ್ಲಿ ಮೂಳೆ ಇಳಿದದ್ದು ಕಂಡರೆ ಮೇಲೆ ಮೇಲೆ ತಿಕ್ಕಿ ಪ್ರಯೋಜನ ಇಲ್ಲ, ಅಲ್ಲಿಗೆ ನಿಮ್ಮ ಬ್ರಷ್ಷೂ ಹೋಗೋದಿಲ್ಲ. ಡೀಪ್ ಕ್ಲೀನಿಂಗ್ ಅಂದರೆ ವಸಡಿನ ಕೆಳಗೆ ಇಳಿದು ಬೇರಿಗೆ ಅಂಟಿದ ಗಾರೆ ತೆಗೆಯುವುದು. ಮರಗಟ್ಟಲು ಇಂಜೆಕ್ಷನ್ ಕೊಡುತ್ತಾರೆ. ನೀರು ಚಿಮ್ಮುವ ಮೆಷಿನ್ ಒಂದು, ಆಮೇಲೆ ಕೈಯಲ್ಲೇ ಕೆರೆಯುವ ಬಾಗಿದ ಉಪಕರಣ. ಬಾಯಿಯನ್ನು ನಾಲ್ಕು ಭಾಗ ಮಾಡಿ ಒಂದೊಂದು ಸಲಕ್ಕೆ ಒಂದೊಂದು ಭಾಗ ಮಾಡುವುದು ಮಾಮೂಲಿ, ಹಾಗಾಗಿ ನಾಲ್ಕು ಸಲ ಅಂದದ್ದರಲ್ಲಿ ಮೋಸ ಏನಿಲ್ಲ. ತೆಗೆದದ್ದನ್ನು ನಾನು ಹತ್ತಿಯ ಮೇಲಿಟ್ಟು ತೋರಿಸುತ್ತೇನೆ. ಸಾಸಿವೆ ಒಡೆದ ಹಾಗೆ ಚೂರು ಚೂರು, ಕಪ್ಪು ಹಸಿರು ಬಣ್ಣ, ಉಗುರಲ್ಲಿ ಒತ್ತಿದರೂ ಪುಡಿಯಾಗೋದಿಲ್ಲ. ಇದು ನನ್ನ ಬಾಯಲ್ಲಿತ್ತಾ ಅಂತ ಸುಮ್ಮನಾಗಿಬಿಡುತ್ತಾರೆ.

ಶುಗರ್ ಇದೆ ಅಂದಿರಿ. ಹಾಗಾದರೆ ಇನ್ನೂ ಬೇಗ ಮಾಡಿಸಬೇಕು. ಶುಗರ್ ಜಾಸ್ತಿ ಇದ್ದರೆ ವಸಡು ಕೆಡುತ್ತೆ, ವಸಡು ಕೆಟ್ಟರೆ ಶುಗರ್ ಹತೋಟಿಗೆ ಬರೋದಿಲ್ಲ. ವಸಡಿಗೆ ಸರಿಯಾಗಿ ಚಿಕಿತ್ಸೆ ಆದರೆ ಮೂರ್ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಶುಗರ್ ಹೇಗಿತ್ತು ಅಂತ ತೋರಿಸುವ ರಕ್ತ ಪರೀಕ್ಷೆ) ಸರಾಸರಿ 0.4ರಷ್ಟು ಇಳಿಯುತ್ತೆ ಅಂತ ಅಧ್ಯಯನಗಳು ತೋರಿಸಿವೆ. ಹೋಗುವ ದಿನ ತಿಂಡಿ ತಿಂದು, ಮಾತ್ರೆ ತಗೊಂಡೇ ಹೋಗಿ. ರಕ್ತ ತೆಳುವಾಗುವ ಮಾತ್ರೆ ತಗೋತಿದ್ದರೆ ಮೊದಲೇ ಹೇಳಿ, ನೀವಾಗಿ ನಿಲ್ಲಿಸಬೇಡಿ. ಬೀಡಿ, ಕಡ್ಡಿಪುಡಿ ಇದ್ದರೆ ಬಿಡಲೇಬೇಕು. ಬೀಡಿ ಸೇದುವವರಿಗೆ ರಕ್ತ ಕಮ್ಮಿ ಬರುತ್ತೆ, ಅದಕ್ಕೇ ರೋಗ ಗೊತ್ತೇ ಆಗೋದಿಲ್ಲ.

ನೋವಿಲ್ಲ ಅಂತ ಧೈರ್ಯ ಬೇಡ, ಈ ಕಾಯಿಲೆ ನೋವು ಕೊಡದೆಯೇ ಮುಂದೆ ಹೋಗುತ್ತೆ. ಕರಗಿದ ಮೂಳೆ ಕ್ಲೀನಿಂಗ್‌ನಿಂದ ಮತ್ತೆ ಬೆಳೆದು ಮೊದಲಿನಂತಾಗೋದಿಲ್ಲ, ಉಳಿದದ್ದು ಉಳಿಯುತ್ತೆ ಅಷ್ಟೆ. ಆರೆಂಟು ವಾರ ಬಿಟ್ಟು ಮತ್ತೆ ಅಳೆಯಬೇಕು. ಆಳ ಕಮ್ಮಿಯಾಗದ ಜಾಗಕ್ಕೆ ಕೆಲವೊಮ್ಮೆ ವಸಡು ಬಿಡಿಸಿ ಆಪರೇಷನ್ ಬೇಕಾಗುತ್ತೆ. ಖರ್ಚಿನ ಚಿಂತೆ ಇದ್ದರೆ ಬೆಂಗಳೂರಿನ ಸರ್ಕಾರಿ ಡೆಂಟಲ್ ಕಾಲೇಜಿಗೆ ಹೋಗಿ. ಕಲಿಯುವ ಮಕ್ಕಳು ಮಾಡುತ್ತಾರೆ, ಮೇಷ್ಟ್ರು ಪಕ್ಕದಲ್ಲೇ ಇರುತ್ತಾರೆ, ಸಮಯ ಜಾಸ್ತಿ ಹಿಡಿಯುತ್ತೆ ಆದರೆ ಕೆಲಸ ಚೆನ್ನಾಗಿ ಆಗುತ್ತೆ.

ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರ ಉಳಿದ ಹಲ್ಲುಗಳನ್ನೂ ಯಾರಾದರೂ ನೋಡಬೇಕು.

ಪ್ರಶ್ನೆ: ನಮ್ಮದು ಬಾಗೇಪಲ್ಲಿ ಹತ್ತಿರದ ಹಳ್ಳಿ. ಮಗಳಿಗೆ 19 ವರ್ಷ, ಮದುವೆ ಮಾತುಕತೆ ನಡೀತಿದೆ. ಹಲ್ಲಿನ ಮೇಲೆ ಕಂದು ಪಟ್ಟೆ ಇದೆ. ಡೀಪ್ ಕ್ಲೀನಿಂಗ್ ಮಾಡಿಸಿದರೆ ಬೆಳ್ಳಗಾಗುತ್ತಾ?

ಉತ್ತರ: ಆಗೋದಿಲ್ಲಮ್ಮ, ಅದಕ್ಕೆ ದುಡ್ಡು ಕೊಡಬೇಡಿ. ನಿಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮಗು ಚಿಕ್ಕದಿರುವಾಗ, ಹಲ್ಲು ಒಳಗೇ ರೂಪುಗೊಳ್ಳುವ ಹೊತ್ತಿನಲ್ಲಿ ಆ ನೀರು ಕುಡಿದರೆ ಬಣ್ಣ ಹಲ್ಲಿನ ಮೈಯಲ್ಲೇ ಸೇರಿಕೊಳ್ಳುತ್ತೆ. ಮೇಲೆ ಅಂಟಿದ ಕೊಳೆ ಅದಲ್ಲ, ಎಷ್ಟು ಉಜ್ಜಿದರೂ ಹೋಗೋದಿಲ್ಲ. ಇಟ್ಟಿಗೆ ಪುಡಿ, ಇದ್ದಿಲು ಹಾಕಿ ತಿಕ್ಕಿಸಬೇಡಿ, ಹಲ್ಲು ಸವೆಯುತ್ತೆ. ಪಟ್ಟೆಗೆ ಬೇರೆ ದಾರಿಗಳಿವೆ: ಮೇಲ್ಪದರ ತುಸು ಉಜ್ಜಿ ತೆಗೆಯುವುದು, ಬ್ಲೀಚಿಂಗ್, ಹಲ್ಲಿನ ಬಣ್ಣದ ಲೇಪ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಕುಡಿಯೋಕೆ, ಅಡುಗೆಗೆ ಊರಿನ ಶುದ್ಧ ನೀರಿನ ಘಟಕದಿಂದಲೇ ತನ್ನಿ. ಮಗಳಿಗೆ ಒಂದು ಮಾತು ಹೇಳಿ, ಇದರಲ್ಲಿ ಅವಳ ತಪ್ಪು ಏನೂ ಇಲ್ಲ, ಬಾಯಿಗೆ ಕೈ ಅಡ್ಡ ಹಿಡಿದು ನಗಬೇಕಾಗಿಲ್ಲ.

ಪ್ರಶ್ನೆ: ಡೀಪ್ ಕ್ಲೀನಿಂಗ್ ಎರಡು ಸಲ ಆಯ್ತು. ಈಗ ತಣ್ಣೀರು ಕುಡಿದರೆ ಜುಮ್ ಅನ್ನುತ್ತೆ, ಹಲ್ಲಿನ ನಡುವೆ ಸಂದು ಬೇರೆ ಕಾಣ್ತಿದೆ. ಇನ್ನೆರಡು ಸಲಕ್ಕೆ ಹೋಗೋಕೆ ಮನಸ್ಸಿಲ್ಲ. – ಚಿಂತಾಮಣಿ

ಉತ್ತರ: ದಯವಿಟ್ಟು ಹೋಗಿ. ಗಾರೆ ತುಂಬಿದ್ದ ಜಾಗ ಖಾಲಿಯಾಗಿದೆ, ಊದಿದ್ದ ವಸಡು ಇಳಿದಿದೆ, ಅದಕ್ಕೇ ಸಂದು. ಬೇರು ಸ್ವಲ್ಪ ಹೊರಗೆ ಬಂದದ್ದರಿಂದ ಜುಮ್ ಅನ್ನುತ್ತೆ, ಕೆಲವು ವಾರದಲ್ಲಿ ಸಾಮಾನ್ಯವಾಗಿ ಕಮ್ಮಿಯಾಗುತ್ತೆ. ಸೆನ್ಸಿಟಿವ್ ಹಲ್ಲಿಗೆ ಅಂತ ಸಿಗುವ ಪೇಸ್ಟು, ಮೆತ್ತನೆ ಬ್ರಷ್ಷು ಬಳಸಿ. ಸಂದಿಗೆ ಹಾಕುವ ಪುಟ್ಟ ಬ್ರಷ್ ಮೆಡಿಕಲ್ ಸ್ಟೋರಲ್ಲಿ ಸಿಗುತ್ತೆ, ರಾತ್ರಿ ಮಲಗುವ ಮುಂಚೆ ಅದನ್ನು ಪ್ರತಿ ಸಂದಿಗೂ ಆಡಿಸಿ. ಬಾಯಿ ಮುಕ್ಕಳಿಸುವ ಔಷಧಿ ಕೊಟ್ಟಿದ್ದರೆ ಹೇಳಿದಷ್ಟು ದಿನ ಮಾತ್ರ, ಜಾಸ್ತಿ ದಿನ ಹಾಕಿದರೆ ಹಲ್ಲಿಗೆ ಕಂದು ಬಣ್ಣ ಹತ್ತುತ್ತೆ. ಕೀವು, ಜ್ವರ, ಮುಖ ಊತ ಕಂಡರೆ ಮಾತ್ರ ಮುಂದಿನ ತಾರೀಖಿಗೆ ಕಾಯದೆ ಅವತ್ತೇ ಹೋಗಿ.