ಡಾರ್ಕ್ ಮೋಡ್: ಬ್ಯಾಟರಿಗೆಷ್ಟು ಲಾಭ, ಕಣ್ಣಿಗೆಷ್ಟು?

ಪ್ರಶ್ನೆ: ನನಗೆ 52 ವರ್ಷ. ಬ್ಯಾಟರಿ ಉಳಿಯುತ್ತದೆ, ಕಣ್ಣಿಗೂ ಒಳ್ಳೆಯದು ಎಂದು ಮಗ ನನ್ನ ಮೊಬೈಲಿಗೆ ಡಾರ್ಕ್ ಮೋಡ್ (ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ) ಹಾಕಿಕೊಟ್ಟಿದ್ದಾನೆ. ಬ್ಯಾಟರಿಯಲ್ಲಿ ಹೆಚ್ಚೇನೂ ವ್ಯತ್ಯಾಸವಿಲ್ಲ. ಮೇಲಾಗಿ ಕನ್ನಡ ಓದುವಾಗ ಅಕ್ಷರಗಳು ಕಲಸಿಹೋದಂತೆ ಕಾಣುತ್ತವೆ. ಏನು ಮಾಡಲಿ?
– ಓದುಗರೊಬ್ಬರು, ಹಾಸನ

ಉತ್ತರ: ಬ್ಯಾಟರಿಯ ಮಾತು ಪರದೆಯ ಬಗೆಯನ್ನು ಅವಲಂಬಿಸಿದೆ. ಎಲ್‌ಸಿಡಿ ಪರದೆಯಲ್ಲಿ ಹಿಂಬದಿಯ ದೀಪ ಸದಾ ಉರಿಯುತ್ತಲೇ ಇದ್ದು, ಕಪ್ಪು ಕಾಣಬೇಕಾದ ಕಡೆ ಆ ಬೆಳಕನ್ನು ತಡೆಯಲಾಗುತ್ತದೆಯಷ್ಟೆ. ಹಾಗಾಗಿ ಅಲ್ಲಿ ಉಳಿತಾಯ ಇಲ್ಲವೆಂದರೂ ಸರಿ. ಓಎಲ್‌ಇಡಿ ಅಥವಾ ಅಮೋಲೆಡ್ ಪರದೆಯಲ್ಲಾದರೋ ಒಂದೊಂದು ಚುಕ್ಕಿಯೂ ತಾನೇ ಬೆಳಗುವುದರಿಂದ, ಅಚ್ಚ ಕಪ್ಪು ಇರುವಲ್ಲಿ ಅದು ಆರಿಯೇ ಇರುತ್ತದೆ. ಆದರೂ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಇಂಥ ಫೋನುಗಳನ್ನು ಅಳೆದು ನೋಡಿದಾಗ, ಬ್ರೈಟ್‌ನೆಸ್ ಪೂರ್ತಿ ಇದ್ದರೆ ಸರಾಸರಿ ಶೇ 39ರಿಂದ 47ರಷ್ಟು ವಿದ್ಯುತ್ ಉಳಿಯಿತು. ಅದನ್ನು ಶೇ 30ರಿಂದ 50ಕ್ಕೆ ಇಳಿಸಿದಾಗ ಉಳಿದದ್ದು ಶೇ 3ರಿಂದ 9 ಮಾತ್ರ. ಮನೆಯೊಳಗೆ ಬ್ರೈಟ್‌ನೆಸ್ ತಗ್ಗಿಸಿಕೊಂಡು ಫೋನ್ ನೋಡುವವರಿಗೆ ವ್ಯತ್ಯಾಸ ಕಾಣದಿರುವುದು ಸಹಜವೇ.

ಕಣ್ಣಿನ ವಿಷಯದಲ್ಲಿ ನಿಮ್ಮ ಅನುಭವವನ್ನೇ ನಂಬಿ. ಪರದೆ ಕಪ್ಪಾದಾಗ ಕಣ್ಣಿನ ಪಾಪೆ ಹಿಗ್ಗುತ್ತದೆ. ಪಾಪೆ ಹಿಗ್ಗಿದಷ್ಟೂ ದೃಷ್ಟಿಯ ಸಣ್ಣಪುಟ್ಟ ದೋಷಗಳು ಎದ್ದು ಕಾಣುತ್ತವೆ. ಸಿಲಿಂಡರ್ ಪವರ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮನಿಲ್ಲದ ದೋಷ) ಇರುವವರಿಗೆ ಕಪ್ಪಿನ ಮೇಲಿನ ಬಿಳಿ ಗೆರೆ ಅಂಚಿನಲ್ಲಿ ಹರಡಿದಂತೆ ತೋರಬಹುದು. ‘ಸ್ವಾತಂತ್ರ್ಯ’ ಎಂಬ ಪದವನ್ನೇ ನೋಡಿ: ತಕಾರದ ಕೆಳಗೆ ಒತ್ತಿಕೊಂಡಿರುವ ಎರಡು ಪುಟ್ಟ ಒತ್ತುಗಳು ಹೀಗೆ ಹರಡಿದರೆ ಒಂದರೊಳಗೊಂದು ಸೇರಿಹೋಗುತ್ತವೆ. ನಲವತ್ತು ದಾಟಿದವರಿಗೆ ಹತ್ತಿರದ ದೃಷ್ಟಿಯೂ ಕುಗ್ಗಿರುವುದರಿಂದ ತೊಂದರೆ ಇನ್ನಷ್ಟು ಹೆಚ್ಚು. ಕಣ್ಣು ಒಣಗಿ ಉರಿಯುವುದಕ್ಕೆ ಮುಖ್ಯ ಕಾರಣ, ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದು ಕಡಿಮೆಯಾಗುವುದು. ಬಣ್ಣ ಬದಲಿಸಿದರೆ ಅದು ಸರಿಹೋಗದು. ಹಾಗೆಂದು ಡಾರ್ಕ್ ಮೋಡ್ ನಿಷ್ಪ್ರಯೋಜಕವೇನಲ್ಲ: ದೀಪ ಆರಿಸಿದ ಕೋಣೆಯಲ್ಲಿ ಬಿಳಿ ಪರದೆ ಕಣ್ಣು ಕುಕ್ಕುವುದು ಇದರಿಂದ ತಪ್ಪುತ್ತದೆ, ಕಣ್ಣಿನ ಮಸೂರ ಮಂಜಾಗಿರುವ ಕೆಲವರಿಗೆ ಓದಲು ಇದೇ ಹಿತವೆನಿಸುತ್ತದೆ.

ಹಗಲು ಬಿಳಿ ಪರದೆಯನ್ನೇ ಇಟ್ಟುಕೊಂಡು, ಬ್ರೈಟ್‌ನೆಸ್ ಅನ್ನು ಕೋಣೆಯ ಬೆಳಕಿಗೆ ಹೊಂದಿಸಿ, ಅಕ್ಷರದ ಗಾತ್ರವನ್ನು ಒಂದೆರಡು ಹಂತ ಹೆಚ್ಚಿಸಿಕೊಳ್ಳಿ. ಸಂಜೆಯಾದ ಮೇಲಷ್ಟೇ ಡಾರ್ಕ್ ಮೋಡ್ ತಾನಾಗಿ ಬರುವಂತೆ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ ಹೊಂದಿಸಬಹುದು. ಓದುವ ಆ್ಯಪ್‌ನಲ್ಲಿ ಆಯ್ಕೆಯಿದ್ದರೆ ಅಚ್ಚ ಕಪ್ಪಿನ ಬದಲು ಕಡುಬೂದು ಹಿನ್ನೆಲೆ, ಅಪ್ಪಟ ಬಿಳಿಯ ಬದಲು ಮಾಸಲು ಬಿಳಿ ಅಕ್ಷರ ಇರಲಿ. ಇಷ್ಟಾದರೂ ಅಕ್ಷರ ಕಲಸಿದಂತೆಯೇ ಕಂಡರೆ ಫೋನನ್ನು ಬಿಟ್ಟು ಕನ್ನಡಕದ ಪವರ್ ಪರೀಕ್ಷಿಸಿಕೊಳ್ಳಿ.